ನಕ್ಷತ್ರಗಳ ವೇಸ್ಟೇಜು

ಬೆಳಗಿನ ಏಳು ಗಂಟೆಗೆ ಕಾಟನ್‌ಪೇಟೆ ಮುಖ್ಯರಸ್ತೆಯ ಅರ್ಧದಷ್ಟು ಶಟರುಗಳು ಇನ್ನೂ ಇಳಿದೇ ಇರುತ್ತವೆ. ಬಾಗಿಲು ತೆಗೆದವರು ಹೊಸ್ತಿಲಿಗೆ ನೀರು ಚಿಮುಕಿಸಿ, ದೇವರ ಪಟಕ್ಕೆ ಎರಡು ಊದುಬತ್ತಿ ಸಿಕ್ಕಿಸಿ, ಬೋಣಿಗೆಗೆ ಕಾಯುತ್ತ ಮೊಬೈಲ್ ತೀಡುತ್ತಿರುತ್ತಾರೆ. ತವಕ್ಕಲ್ ಮಸ್ತಾನ್ ದರ್ಗಾದ ಕಡೆಯಿಂದ ಲೋಬಾನದ ಹೊಗೆ ತೇಲಿಬರುತ್ತದೆ. ಮೂಲೆಯ ಬೀಡಾ ಅಂಗಡಿಯಲ್ಲಿ ಎಲೆಗೆ ಸುಣ್ಣ ಸವರುವ ಬೆರಳು ಆಗಲೇ ಚುರುಕಾಗಿದೆ.

ಅಲ್ಲಿಂದ ಬಳೇಪೇಟೆ, ಚಿಕ್ಕಪೇಟೆ ದಾಟಿ ನಗರ್ತಪೇಟೆಗೆ ಬಂದರೆ ನೋಟವೇ ಬೇರೆ. ಅಕ್ಕಸಾಲಿಗರ ಪುಟ್ಟ ಪುಟ್ಟ ಕೋಣೆಗಳ ಮುಂದೆ ಕೆಲವರು ಕುಕ್ಕರುಗಾಲಲ್ಲಿ ಕೂತು ಬ್ರಷ್‌ನಿಂದ ಧೂಳು ಗುಡಿಸುತ್ತಿರುತ್ತಾರೆ. ಕಸ ಎಸೆಯುವುದಕ್ಕಲ್ಲ, ತೊಳೆಯುವುದಕ್ಕೆ. ಚರಂಡಿಯ ಹೂಳನ್ನೂ ಬಿಡದೆ ಬಾಣಲೆಗೆ ತುಂಬಿ, ನೀರು ಹೊಯ್ದು ಗರಗರ ತಿರುಗಿಸುತ್ತಾರೆ. ಹಗುರವಾದ ಮಣ್ಣು ಅಂಚಿನಿಂದ ಹರಿದುಹೋಗುತ್ತದೆ, ಭಾರವಾದದ್ದು ತಳದಲ್ಲಿ ನಿಲ್ಲುತ್ತದೆ. ಅರದಿಂದ ಉದುರಿದ, ಬಟ್ಟೆಗೆ ಅಂಟಿ ಹೊರಬಂದ ಚಿನ್ನದ ರಜ ಅದು. ಈ ಕಸುಬಿನವರಿಗೆ ಹಳಗಾಲದಿಂದಲೂ ಜಲಗಾರರೆಂದೇ ಹೆಸರು.

ಒಡವೆ ಕೊಂಡವರಿಗೆಲ್ಲ ‘ವೇಸ್ಟೇಜು’ ಗೊತ್ತು. ಕೆಲಸ ಮಾಡುವಾಗ ಸವೆದುಹೋಗುವ ಚಿನ್ನದ ಲೆಕ್ಕ ಬಿಲ್ಲಿಗೆ ಸೇರುತ್ತದೆ, ಚೌಕಾಸಿಯೂ ಅಲ್ಲೇ ಶುರುವಾಗುತ್ತದೆ. ಈ ಪದವನ್ನು ಸ್ವಲ್ಪ ಹೊತ್ತು ನೆನಪಿನಲ್ಲಿಡೋಣ. ಶಟರಿನ ಕಬ್ಬಿಣ, ಊದುಬತ್ತಿಯ ಇದ್ದಿಲು, ಎಲೆಗೆ ಹಚ್ಚಿದ ಸುಣ್ಣ, ಬಾಣಲೆಯ ಚಿನ್ನ, ಮೊಬೈಲ್ ಬ್ಯಾಟರಿಯ ಲಿಥಿಯಂ ಎಲ್ಲವೂ ಭೂಮಿ ಹುಟ್ಟುವ ಮೊದಲೇ ಬೇರೆಲ್ಲೋ ತಯಾರಾದ ಸರಕು. ನಾವೆಲ್ಲ ನಕ್ಷತ್ರದ ಧೂಳು ಎಂಬ ಮಾತನ್ನು ಕೇಳಿಯೇ ಇರುತ್ತೇವೆ. ಆದರೆ ಯಾವ ಧೂಳು ಯಾವ ಕುಲುಮೆಯದು? ಅದು ಗೊತ್ತಾದದ್ದಾದರೂ ಹೇಗೆ?

ಜಮಖಂಡಿಯ ಮೂರು ಗೆರೆ

1868ರ ಆಗಸ್ಟ್ 18. ಖಗ್ರಾಸ ಸೂರ್ಯಗ್ರಹಣದ ನೆರಳು ಪಡುವಣ ಕರಾವಳಿಯಿಂದ ಮೂಡಣಕ್ಕೆ ದಕ್ಷಿಣ ಭಾರತವನ್ನು ಸೀಳಿಕೊಂಡು ಹೋಯಿತು. ಆ ದಾರಿಯಲ್ಲಿ ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯೂ ಇತ್ತು. ಲಂಡನ್ನಿನ ರಾಯಲ್ ಸೊಸೈಟಿ ಕಳಿಸಿದ ಉಪಕರಣ ಹೂಡಿಕೊಂಡು ಅಲ್ಲಿ ಕಾದಿದ್ದವನು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ. ಭಾರತದ ಮಹಾ ತ್ರಿಕೋನಮಿತಿ ಸರ್ವೆಯಲ್ಲಿ ನೌಕರಿ.

ಶ್ರಾವಣದ ಮೋಡ ಆಟವಾಡಿಸಿತು. ಆದರೂ ಮೋಡದ ಬಿರುಕಿನಲ್ಲಿ, ಮುಚ್ಚಿದ ಸೂರ್ಯನ ಅಂಚಿನಿಂದ ಚಿಮ್ಮುತ್ತಿದ್ದ ಜ್ವಾಲೆ ಅವನಿಗೆ ಸಿಕ್ಕಿತು. ಆ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿದಾಗ ಪೂರ್ತಿ ಕಾಮನಬಿಲ್ಲು ಕಾಣಲಿಲ್ಲ, ಬಿಡಿಬಿಡಿಯಾಗಿ ಮೂರು ಗೆರೆ ಹೊಳೆದವು: ಕೆಂಪು, ಕಿತ್ತಳೆ, ನೀಲಿ. ಅದೇ ದಿನ ಗುಂಟೂರಿನಲ್ಲಿದ್ದ ಫ್ರಾನ್ಸಿನ ಜಾನ್ಸೆನ್ ಸಹ ಇಂಥ ಗೆರೆಗಳನ್ನು ಕಂಡು, ಇವನ್ನು ನೋಡಲು ಗ್ರಹಣವೇ ಬೇಕಿಲ್ಲ ಎಂದು ಮರುದಿನವೇ ತೋರಿಸಿಕೊಟ್ಟ.

ಗೆರೆಗೇಕೆ ಇಷ್ಟು ಮಹತ್ವ? ಒಲೆಯ ಉರಿಗೆ ಚಿಟಿಕೆ ಉಪ್ಪು ಎಸೆದರೆ ಜ್ವಾಲೆ ಹಳದಿಗೆ ತಿರುಗುತ್ತದೆ. ಉಪ್ಪಿನೊಳಗಿನ ಸೋಡಿಯಂ ಹಾಕಿದ ರುಜು ಅದು. ಒಂದೊಂದು ಮೂಲವಸ್ತುವಿಗೂ ಬೆಳಕಿನಲ್ಲಿ ಅದರದೇ ಗೆರೆಗಳ ಗುರುತುಂಟು. ಒಬ್ಬರ ಹೆಬ್ಬೆಟ್ಟಿನ ಗುರುತು ಇನ್ನೊಬ್ಬರದಕ್ಕೆ ಹೊಂದುವುದಿಲ್ಲವಲ್ಲ, ಹಾಗೆ. ಆ ಕಿತ್ತಳೆ-ಹಳದಿ ಗೆರೆ ಸೋಡಿಯಂನ ಗೆರೆಯ ಪಕ್ಕದಲ್ಲೇ ಇತ್ತು, ಆದರೆ ಅದರ ಮೇಲೆ ಕೂರುತ್ತಿರಲಿಲ್ಲ. ಭೂಮಿಯಲ್ಲಿ ಕಂಡಿರದ ಯಾವುದೋ ವಸ್ತುವಿನದು ಇರಬೇಕೆಂದು ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ವಾದಿಸಿದ. ಗ್ರೀಕರ ಸೂರ್ಯನ ಹೆಸರಿನಿಂದ ಅದಕ್ಕೆ ಹೀಲಿಯಂ ಎಂಬ ಹೆಸರಾಯಿತು. ಭೂಮಿಯಲ್ಲಿ ಅದು ಕೈಗೆ ಸಿಕ್ಕಿದ್ದು 1895ರಲ್ಲಿ, ಯುರೇನಿಯಂ ಇರುವ ಒಂದು ಖನಿಜದೊಳಗೆ. ಆಕಾಶದಲ್ಲಿ ಮೊದಲು, ನೆಲದಲ್ಲಿ ಆಮೇಲೆ ಸಿಕ್ಕ ವಸ್ತು ಇದು.

ನಕ್ಷತ್ರದಲ್ಲಿ ಏನಿದೆ ಎಂದು ಇಲ್ಲಿ ಕೂತೇ ಓದುವ ಲಿಪಿ ಹೀಗೆ ಕೈಗೆ ಬಂತು. ಬರೀ ಅಕ್ಷರ ಗೊತ್ತಾದರೆ ಸಾಲದು, ಅರ್ಥವೂ ಆಗಬೇಕು. ಶಾಖ ಏರಿಳಿದಂತೆ ಗೆರೆಗಳು ಹೇಗೆ ದಟ್ಟವಾಗುತ್ತವೆ, ಹೇಗೆ ಮಸುಕಾಗುತ್ತವೆ ಎಂಬ ವ್ಯಾಕರಣವನ್ನು 1920ರಲ್ಲಿ ಕೊಟ್ಟವರು ಮೇಘನಾದ ಸಹಾ. ಆ ಸೂತ್ರ ಹಿಡಿದು 1925ರಲ್ಲಿ ಸಿಸಿಲಿಯಾ ಪೇನ್ ಎಂಬ ತರುಣಿ ಲೆಕ್ಕ ಹಾಕಿದಾಗ, ನಕ್ಷತ್ರಗಳಲ್ಲಿ ಇರುವುದೆಲ್ಲ ಹೆಚ್ಚೂಕಡಿಮೆ ಹೈಡ್ರೋಜನ್ ಮತ್ತು ಹೀಲಿಯಂ ಎಂದು ಹೊರಬಿತ್ತು. ಅಂದಿನ ಹಿರಿಯರು ನಂಬಲಿಲ್ಲ. ಕೆಲವೇ ವರ್ಷಗಳಲ್ಲಿ ಒಪ್ಪಬೇಕಾಯಿತು.

ಸಾವಿರ ಗ್ರಾಂಗೆ ಏಳು ಗ್ರಾಂ

ವಿಶ್ವ ಹುಟ್ಟಿ ಸುಮಾರು 1380 ಕೋಟಿ ವರ್ಷ. ಮೊದಲ ಕೆಲವು ನಿಮಿಷಗಳಲ್ಲಿ ತಯಾರಾದದ್ದು ಮುಕ್ಕಾಲು ಪಾಲು ಹೈಡ್ರೋಜನ್, ಕಾಲು ಪಾಲು ಹೀಲಿಯಂ, ಎಲ್ಲೋ ಚೂರು ಲಿಥಿಯಂ. ಅಷ್ಟರಲ್ಲಿ ಆ ಒಲೆ ಆರಿತು. ನಲ್ಲಿಯಲ್ಲಿ ಬರುವ ಕಾವೇರಿ ನೀರಿನ ಹೈಡ್ರೋಜನ್ ಆ ಮೊದಲ ಅಡುಗೆಯದು. ಅದೇ ನೀರಿನ ಆಕ್ಸಿಜನ್ ಇನ್ನೂ ಹುಟ್ಟಿರಲಿಲ್ಲ. ಅದಕ್ಕೆ ನಕ್ಷತ್ರ ಹೊತ್ತಿಕೊಳ್ಳಬೇಕಿತ್ತು.

ಸೂರ್ಯನ ನಡುವಿನಲ್ಲಿ ಶಾಖ 1.5 ಕೋಟಿ ಡಿಗ್ರಿ. ಅಲ್ಲಿ ಹೈಡ್ರೋಜನ್ ಪರಮಾಣುಗಳ ಹೊರಪೊರೆ ಕಳಚಿ, ಬೀಜ ಮಾತ್ರ ಉಳಿದಿರುತ್ತದೆ. ಈ ಬೀಜಗಳು ಒಂದನ್ನೊಂದು ದೂರ ತಳ್ಳುತ್ತವೆ. ಆದರೆ ಆ ಒತ್ತಡದಲ್ಲಿ, ಆ ವೇಗದಲ್ಲಿ, ಅಪರೂಪಕ್ಕೊಮ್ಮೆ ಎರಡು ಬೀಜ ಮುಟ್ಟುವಷ್ಟು ಹತ್ತಿರ ಬಂದು ಅಂಟಿಕೊಳ್ಳುತ್ತವೆ. ಹಂತಹಂತವಾಗಿ ನಾಲ್ಕು ಹೈಡ್ರೋಜನ್ ಸೇರಿ ಒಂದು ಹೀಲಿಯಂ ಆಗುತ್ತದೆ.

ಇಲ್ಲೂ ವೇಸ್ಟೇಜು ಉಂಟು! ಸಾವಿರ ಗ್ರಾಂ ಹೈಡ್ರೋಜನ್ ಹಾಕಿದರೆ ಕೈಗೆ ಬರುವ ಹೀಲಿಯಂ 993 ಗ್ರಾಂ. ಉಳಿದ ಏಳು ಗ್ರಾಂ ಬೆಳಕು, ಬಿಸಿಯಾಗಿ ಹೊರಬೀಳುತ್ತದೆ. ಈ ತೂಕದ ವ್ಯತ್ಯಾಸವೇ ಸೂರ್ಯನ ಶಕ್ತಿಯ ಗುಟ್ಟಿರಬೇಕೆಂದು ಆರ್ಥರ್ ಎಡಿಂಗ್ಟನ್ 1920ರಲ್ಲೇ ಊಹಿಸಿದ್ದ. ಬೀಜಗಳು ಯಾವ ಹಾದಿಯಲ್ಲಿ ಕೂಡುತ್ತವೆ ಎಂಬುದನ್ನು 1939ರ ಹೊತ್ತಿಗೆ ಹ್ಯಾನ್ಸ್ ಬೆಥೆ ಬಿಡಿಸಿಟ್ಟ. ಸೂರ್ಯ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಉರಿಸುತ್ತಾನೆ, ಅದರಲ್ಲಿ 40 ಲಕ್ಷ ಟನ್ ಬೆಳಕಾಗುತ್ತದೆ. ನಾವು ಮಹಡಿಯ ಮೇಲೆ ಹಪ್ಪಳ ಒಣಗಿಸುವುದು ಈ ಸವಕಲಿನಲ್ಲಿ.

ಇದ್ದಿಲಿನ ಎರಡೇ ಮೆಟ್ಟಿಲು

ಊದುಬತ್ತಿಯ ಕಪ್ಪು ಹಿಟ್ಟಿನ ಇದ್ದಿಲು ಕಾರ್ಬನ್. ನಮ್ಮ ಮೈಯೂ ಅದರ ಹಂದರದ ಮೇಲೇ ನಿಂತಿದೆ. ಆದರೆ ಕಾರ್ಬನ್ ಮಾಡುವುದು ನಕ್ಷತ್ರಕ್ಕೂ ಸುಲಭವಲ್ಲ.

ಹೈಡ್ರೋಜನ್ ಸೌದೆ ತೀರಿದಾಗ ನಕ್ಷತ್ರದ ನಡುಭಾಗದಲ್ಲಿ ಹೀಲಿಯಂ ಬೂದಿ ಉಳಿಯುತ್ತದೆ. ತನ್ನದೇ ಭಾರಕ್ಕೆ ಅದು ಕುಗ್ಗುತ್ತದೆ, ಕುಗ್ಗಿದಷ್ಟೂ ಕಾಯುತ್ತದೆ. ಹತ್ತು ಕೋಟಿ ಡಿಗ್ರಿ ತಲುಪಿದಾಗ ಆ ಬೂದಿಯೇ ಸೌದೆಯಾಗಿ ಹೊತ್ತಿಕೊಳ್ಳುತ್ತದೆ. ನಕ್ಷತ್ರದ ಅಡುಗೆಮನೆಯ ನಿಯಮವೇ ಇದು: ಒಂದು ಒಲೆಯ ಬೂದಿ ಮುಂದಿನ ಒಲೆಗೆ ಸೌದೆ.

ತೊಡಕು ಇರುವುದು ಲೆಕ್ಕದಲ್ಲಿ. ಎರಡು ಹೀಲಿಯಂ ಸೇರಿದರೆ ಆಗುವುದು ಒಂದು ಬಗೆಯ ಬೆರಿಲಿಯಂ. ಒಂದು ಸೆಕೆಂಡನ್ನು ಕೋಟಿ ಪಾಲು ಮಾಡಿ, ಅದರಲ್ಲೊಂದು ಪಾಲನ್ನು ಮತ್ತೆ ಕೋಟಿ ಪಾಲು ಮಾಡಿದರೆ ಸಿಗುವಷ್ಟು ಹೊತ್ತೂ ಅದು ಬಾಳುವುದಿಲ್ಲ. ಅದು ಒಡೆಯುವ ಮೊದಲು ಮೂರನೆಯ ಹೀಲಿಯಂ ಬಂದು ಸೇರಿದರೆ ಮಾತ್ರ ಕಾರ್ಬನ್. ಕುಸಿಯುತ್ತಿರುವ ಮೊದಲ ಮೆಟ್ಟಿಲಿನ ಮೇಲಿಂದ ಎರಡನೆಯದಕ್ಕೆ ಜಿಗಿದಂತೆ.

ಹೀಗಾದರೆ ಜಗತ್ತಿನಲ್ಲಿ ಇಷ್ಟೊಂದು ಕಾರ್ಬನ್ ಎಲ್ಲಿಂದ ಬಂತು? 1953ರಲ್ಲಿ ಫ್ರೆಡ್ ಹಾಯ್ಲ್ ತಿರುವುಮುರುವಾಗಿ ಯೋಚಿಸಿದರು. ಕಾರ್ಬನ್ ಇರುವುದಂತೂ ನಿಜ, ಆದ್ದರಿಂದ ಆ ಜಿಗಿತವನ್ನು ಸಲೀಸು ಮಾಡುವ ಒಂದು ವಿಶೇಷ ಶಕ್ತಿಸ್ಥಿತಿ ಕಾರ್ಬನ್ನಿನ ಬೀಜಕ್ಕೆ ಇರಲೇಬೇಕು ಎಂದರು. ಅಮೆರಿಕದ ಕ್ಯಾಲ್‌ಟೆಕ್ ಪ್ರಯೋಗಾಲಯದಲ್ಲಿ ಹುಡುಕಿದಾಗ, ಹೇಳಿದ ಜಾಗದಲ್ಲೇ ಅದು ಸಿಕ್ಕಿತು.

1957ರಲ್ಲಿ ಹಾಯ್ಲ್, ವಿಲಿಯಂ ಫೌಲರ್ ಮತ್ತು ಬರ್ಬಿಜ್ ದಂಪತಿ ಸೇರಿ ಬರೆದ ದೀರ್ಘ ಪ್ರಬಂಧ, ಯಾವ ಧಾತು ಯಾವ ನಕ್ಷತ್ರದಲ್ಲಿ ಎಂಬುದರ ಪೂರ್ತಿ ಪಟ್ಟಿಯನ್ನೇ ಕೊಟ್ಟಿತು. ಈ ವಿದ್ಯೆಗೆ ಅದೇ ಇವತ್ತಿಗೂ ಮೂಲ ಪುಸ್ತಕದಂತೆ. 1983ರಲ್ಲಿ ಫೌಲರ್ ನೊಬೆಲ್ ಪಡೆದಾಗ ಪಾಲು ಹಂಚಿಕೊಂಡವರು ನಮ್ಮ ಎಸ್. ಚಂದ್ರಶೇಖರ್.

ಸೂರ್ಯನಂಥ ನಕ್ಷತ್ರ ಇಷ್ಟಕ್ಕೇ ದಣಿಯುತ್ತದೆ. ಉಬ್ಬಿ ಕೆಂಪು ದೈತ್ಯನಾಗಿ, ಹೊರಪದರವನ್ನು ಮೆಲ್ಲಗೆ ಬಾಹ್ಯಾಕಾಶಕ್ಕೆ ಊದಿಬಿಡುತ್ತದೆ. ಅದರ ಜೊತೆ ಒಂದಿಷ್ಟು ಕಾರ್ಬನ್ ಹೊರಬೀಳುತ್ತದೆ. ಉಳಿದದ್ದು ಬಿಳಿ ಕುಬ್ಜನೆಂಬ ಗಟ್ಟಿ ಕೆಂಡದೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಕಬ್ಬಿಣದ ಮುಂದೆ ಒಲೆ ಆರುತ್ತದೆ

ಭಾರಿ ನಕ್ಷತ್ರಗಳ ಹಸಿವು ದೊಡ್ಡದು, ಆಯಸ್ಸು ಚಿಕ್ಕದು. ಸೂರ್ಯನ 25 ಪಟ್ಟು ತೂಕದ ಒಂದು ನಕ್ಷತ್ರದ ದಿನಚರಿ ನೋಡಿ. ಹೈಡ್ರೋಜನ್ ಉರಿಯುವುದು ಸುಮಾರು 70 ಲಕ್ಷ ವರ್ಷ. ಹೀಲಿಯಂ ಏಳು ಲಕ್ಷ ವರ್ಷ. ಕಾರ್ಬನ್ 600 ವರ್ಷ. ನಿಯಾನ್ ಒಂದು ವರ್ಷ. ಆಕ್ಸಿಜನ್ ಆರು ತಿಂಗಳು. ಕೊನೆಗೆ ಸಿಲಿಕಾನ್, ಒಂದೇ ದಿನ. ಈರುಳ್ಳಿಯ ಪದರದಂತೆ ಒಂದರೊಳಗೊಂದು ಒಲೆ. ನೀರಿನ ಆಕ್ಸಿಜನ್, ಮರಳಿನ ಸಿಲಿಕಾನ್, ಎಲೆಗೆ ಸವರಿದ ಸುಣ್ಣದ ಕ್ಯಾಲ್ಸಿಯಂ ಇಂಥ ಪದರಗಳಿಂದ, ಅವು ಸಿಡಿಯುವ ಗಳಿಗೆಯ ಬೇಗೆಯಿಂದ ಬಂದವು.

ಸಿಲಿಕಾನಿನ ಬೂದಿ ಕಬ್ಬಿಣದ ಗುಂಪಿನ ಧಾತುಗಳು. ಇಲ್ಲಿಗೆ ನಿಯಮ ಮುಗಿಯಿತು. ಕಬ್ಬಿಣದ ಬೀಜ ಎಷ್ಟು ಬಿಗಿಯಾಗಿ ಕಟ್ಟಿಕೊಂಡಿದೆಯೆಂದರೆ ಅದನ್ನು ಬೆಸೆದರೂ ಶಕ್ತಿ ಹುಟ್ಟದು, ಒಡೆದರೂ ಹುಟ್ಟದು. ಉಳಿದೆಲ್ಲ ಬೂದಿಯೂ ಸೌದೆಯಾಯಿತು, ಕಬ್ಬಿಣ ಆಗಲಿಲ್ಲ. ಒಳಗಿನ ಒಲೆ ಆರಿದೊಡನೆ ನಡುಭಾಗ ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಕುಸಿದು, ಹೊರಪದರಗಳು ಸಿಡಿದುಹೋಗುತ್ತವೆ. ಇದೇ ಸೂಪರ್‌ನೋವಾ.

ಇಲ್ಲೊಂದು ಸೂಕ್ಷ್ಮವಿದೆ. ಕುಸಿದ ನಡುವಿನ ಕಬ್ಬಿಣ ನಮಗೆ ದಕ್ಕುವುದಿಲ್ಲ. ಅದು ಪುಡಿಯಾಗಿ ನ್ಯೂಟ್ರಾನ್ ನಕ್ಷತ್ರವೋ ಕಪ್ಪು ಕುಳಿಯೋ ಆಗಿ ಮುಚ್ಚಿಹೋಗುತ್ತದೆ. ನಮಗೆ ಸಿಗುವುದು ಸ್ಫೋಟದ ಬೇಗೆಯಲ್ಲಿ ಹೊಸದಾಗಿ ಬೆಂದು ಹೊರಗೆಸೆಯಲ್ಪಟ್ಟ ಪಾಲು. ಅದಕ್ಕಿಂತಲೂ ಧಾರಾಳವಾದ ದಾನಿ ಇನ್ನೊಂದಿದೆ. ಚಂದ್ರಶೇಖರ್ ತೋರಿಸಿದ ಮಿತಿ, ಅಂದರೆ ಸೂರ್ಯನ ಸುಮಾರು 1.4 ಪಟ್ಟು ತೂಕದ ಗಡಿ, ಹತ್ತಿರವಾಗುವಷ್ಟು ನೆರೆಯ ನಕ್ಷತ್ರದ ಸರಕು ಕಸಿದ ಬಿಳಿ ಕುಬ್ಜ ಒಮ್ಮೆಗೇ ಹೊತ್ತಿ ಪೂರ್ತಿ ಚೂರಾಗುತ್ತದೆ. ಸಂಡೂರಿನ ಅದಿರಿರಲಿ, ಪೇಟೆಯ ಶಟರಿರಲಿ, ನಮ್ಮ ರಕ್ತದ ಕೆಂಪಿರಲಿ, ಅದರಲ್ಲಿನ ಕಬ್ಬಿಣದ ದೊಡ್ಡ ಪಾಲು ಇಂಥ ಸ್ಫೋಟಗಳದ್ದು.

ಸ್ಫೋಟದಲ್ಲಿ ಕಬ್ಬಿಣ ಹುಟ್ಟುವುದನ್ನು ಕಣ್ಣಾರೆ ಪರೀಕ್ಷಿಸುವ ಅವಕಾಶ 1987ರ ಫೆಬ್ರುವರಿ 23ರಂದು ಬಂತು. ಸುಮಾರು 1.6 ಲಕ್ಷ ಜ್ಯೋತಿರ್ವರ್ಷ ದೂರದ ನೆರೆ ಗೆಲಾಕ್ಸಿಯಲ್ಲಿ ಒಂದು ಭಾರಿ ನಕ್ಷತ್ರ ಸಿಡಿದದ್ದು ಬರಿಗಣ್ಣಿಗೇ ಕಂಡಿತು. ಬೆಂಗಳೂರಿಗೆ ಅದು ದಕ್ಷಿಣ ದಿಗಂತದಿಂದ ಎಂಟು ಡಿಗ್ರಿಯಷ್ಟೇ ಮೇಲೆ. ಆದರೂ ಭಾರತೀಯ ಖಭೌತ ಸಂಸ್ಥೆಯವರು ತಮ್ಮ ಕಾವಲೂರು ವೀಕ್ಷಣಾಲಯದ ದೂರದರ್ಶಕಗಳಿಂದ ಅದನ್ನು ಹಿಂಬಾಲಿಸಿದರು. ಸ್ಫೋಟದ ಬೆಳಕು ಮುಂದಿನ ತಿಂಗಳುಗಳಲ್ಲಿ ಕುಂದಿದ ಲಯ ವಿಚಿತ್ರವಾಗಿತ್ತು. 77 ದಿನಕ್ಕೊಮ್ಮೆ ಅರ್ಧವಾಗುವ ಕೋಬಾಲ್ಟ್‌ನ ಲಯ ಅದು. ನಿಕಲ್ ಕೋಬಾಲ್ಟ್ ಆಗಿ, ಕೋಬಾಲ್ಟ್ ಕಬ್ಬಿಣವಾಗುತ್ತಿತ್ತು. ಅಂದರೆ ಹೊಸ ಕಬ್ಬಿಣ ಹುಟ್ಟುವುದನ್ನು ಜನ ದಿನ ಎಣಿಸುತ್ತ ನೋಡಿದರು.

ಬೆಳಕಿಗಿಂತ ಮೊದಲೇ ಅಲ್ಲಿಂದ ನ್ಯೂಟ್ರಿನೊ ಎಂಬ ಕಣಗಳು ಬಂದು ಜಪಾನ್, ಅಮೆರಿಕ, ರಷ್ಯಾದ ನೆಲದಾಳದ ಉಪಕರಣಗಳಲ್ಲಿ ದಾಖಲಾದವು. ಯಾವುದಕ್ಕೂ ತಗುಲದೆ ಭೂಮಿಯನ್ನೇ ಹಾಯ್ದುಹೋಗುವ ಈ ಕಣಗಳ ಇನ್ನೊಂದು ಬಗೆ, ನಮ್ಮ ವಾತಾವರಣದಲ್ಲಿ ಹುಟ್ಟುವಂಥದ್ದು, 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಸೆರೆಸಿಕ್ಕಿತ್ತು. ಜಗತ್ತಿನಲ್ಲೇ ಮೊದಲ ದಾಖಲೆಗಳಲ್ಲಿ ಅದೊಂದು.

ಚಿನ್ನಕ್ಕೆ ಬೇರೆಯೇ ಕುಲುಮೆ

ಬೆಸೆಯುವ ಒಲೆ ಕಬ್ಬಿಣಕ್ಕೆ ಆರಿದರೆ, ಅದಕ್ಕಿಂತ ಭಾರದ ಬೆಳ್ಳಿ, ಸೀಸ, ಚಿನ್ನ ಹೇಗೆ ಬಂದವು? ಉತ್ತರ ನ್ಯೂಟ್ರಾನ್. ವಿದ್ಯುತ್ ಚಾರ್ಜ್ ಇಲ್ಲದ ಈ ಕಣವನ್ನು ಯಾವ ಬೀಜವೂ ದೂರ ತಳ್ಳುವುದಿಲ್ಲ. ಅದು ಸಲೀಸಾಗಿ ಒಳನುಗ್ಗಿ, ಕೆಲವೊಮ್ಮೆ ಪ್ರೋಟಾನ್ ಆಗಿ ಮಾರ್ಪಟ್ಟು, ಧಾತುವನ್ನು ಒಂದು ಮನೆ ಮುಂದಕ್ಕೆ ನೂಕುತ್ತದೆ.

ಈ ಕೆಲಸ ಎರಡು ಬಗೆ. ಮುದಿ ಕೆಂಪು ದೈತ್ಯಗಳಲ್ಲಿ ನಿಧಾನವಾಗಿ, ಹನಿಹನಿಯಾಗಿ ನಡೆಯುತ್ತದೆ. 1952ರಲ್ಲಿ ಪಾಲ್ ಮೆರಿಲ್ ಅಂಥ ನಕ್ಷತ್ರಗಳಲ್ಲಿ ಟೆಕ್ನೀಷಿಯಂನ ಗೆರೆ ಕಂಡರು. ಆ ಧಾತು ಕೆಲವು ದಶಲಕ್ಷ ವರ್ಷಗಳಲ್ಲಿ ಕರಗಿಹೋಗುವಂಥದ್ದು, ನಕ್ಷತ್ರಗಳೋ ಅದಕ್ಕಿಂತ ಬಹಳ ಹಳೆಯವು. ಹಾಗಿದ್ದರೆ ಅದು ಅಲ್ಲೇ, ಆಗಷ್ಟೇ ತಯಾರಾಗಿರಬೇಕು. ನಕ್ಷತ್ರ ಧಾತು ಮಾಡುತ್ತದೆ ಎಂಬುದಕ್ಕೆ ಸಿಕ್ಕ ಕೈಬರಹದ ಸಾಕ್ಷಿ ಅದು.

ಚಿನ್ನಕ್ಕೆ ಆ ನಿಧಾನ ಸಾಲದು. ಒಂದೆರಡು ಸೆಕೆಂಡಿನಲ್ಲಿ ನ್ಯೂಟ್ರಾನ್‌ಗಳ ಜಡಿಮಳೆಯೇ ಬೇಕು. ಅಂಥದ್ದೊಂದು 2017ರ ಆಗಸ್ಟ್ 17ರಂದು ಸಿಕ್ಕಿತು. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದನ್ನೊಂದು ಸುತ್ತುತ್ತ ಡಿಕ್ಕಿಯಾದವು. ಆಕಾಶದ ಹಂದರವನ್ನೇ ಅದುರಿಸಿದ ಗುರುತ್ವ ಅಲೆ ಅಮೆರಿಕದ ಲೈಗೊ, ಇಟಲಿಯ ವರ್ಗೊ ಉಪಕರಣಗಳಿಗೆ ತಲುಪಿತು. 1.7 ಸೆಕೆಂಡಿನ ಬಳಿಕ ಗಾಮಾ ಕಿರಣ. ಆಮೇಲೆ ದಿನಗಟ್ಟಲೆ, ನೀಲಿಯಿಂದ ಕೆಂಪಿಗೆ ತಿರುಗುತ್ತ ಕುಂದಿದ ಬೆಳಕು. ಹೊಸದಾಗಿ ಹುಟ್ಟಿದ ಭಾರಲೋಹಗಳು ಕೊಡುವ ಬಣ್ಣ ಅದೇ. ಅದರೊಳಗೆ ಸ್ಟ್ರಾನ್ಷಿಯಂನ ಗುರುತನ್ನು 2019ರಲ್ಲಿ ಓದಿದರು. ಅಲ್ಲಿ ಸಿಡಿದ ಚಿನ್ನ ಹಲವು ಭೂಮಿಗಳ ತೂಕದಷ್ಟು ಎಂಬುದು ಅಂದಾಜು. ಚಿನ್ನಕ್ಕೆ ಇದೊಂದೇ ಕುಲುಮೆಯೇ, ಅಪರೂಪದ ಬೇರೆ ಸ್ಫೋಟಗಳ ಪಾಲೂ ಇದೆಯೇ ಎಂಬ ಚರ್ಚೆ ಇನ್ನೂ ನಡೆದಿದೆ.

ಈ ಕಥೆಯಲ್ಲಿ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಗೂ ಪಾಲಿದೆ. ಜೋಡಿ ನಕ್ಷತ್ರಗಳು ಸುತ್ತುತ್ತ ಹತ್ತಿರವಾಗುವಾಗ ಅಲೆ ಹೇಗೆ ಏರಬೇಕೆಂಬ ಕಠಿಣ ಲೆಕ್ಕವನ್ನು ಫ್ರೆಂಚ್ ವಿಜ್ಞಾನಿಗಳ ಜೊತೆ ಬಿಡಿಸಿದವರಲ್ಲಿ ಅಲ್ಲಿನ ಬಾಲ ಅಯ್ಯರ್ ಒಬ್ಬರು. ಗದ್ದಲದ ನಡುವೆ ಆ ಪಿಸುಮಾತನ್ನು ಗುರುತಿಸಲು ಇಂಥ ಲೆಕ್ಕವೇ ಆಧಾರ.

ಭೂಮಿ ಕಾದು ಕರಗಿದ್ದಾಗ ಅದರ ಪಾಲಿನ ಚಿನ್ನದ ಬಹುಭಾಗ ಕಬ್ಬಿಣದ ಜೊತೆ ಒಳಗೆ ಮುಳುಗಿತು. ಮೇಲೆ ಸಿಗುವ ಅಲ್ಪಸ್ವಲ್ಪ ಆಮೇಲೆ ಬಿದ್ದ ಉಲ್ಕೆಗಳ ಕೊಡುಗೆ ಎಂದು ಬಹಳ ವಿಜ್ಞಾನಿಗಳು ನಂಬುತ್ತಾರೆ. ಕೋಲಾರದಲ್ಲಿ ನೆಲದಾಳದ ಬಿಸಿನೀರು ಅದನ್ನು ಬಂಡೆಯ ಬಿರುಕುಗಳಿಗೆ ಒಯ್ದು ಬೆಣಚುಕಲ್ಲಿನ ಜೊತೆ ಹೆಪ್ಪುಗಟ್ಟಿಸಿತು. 2001ರಲ್ಲಿ ಮುಚ್ಚುವವರೆಗೆ, ನೂರಿಪ್ಪತ್ತು ವರ್ಷಗಳಲ್ಲಿ, ಆ ಗಣಿಯಿಂದ ಮೇಲೆ ಬಂದದ್ದು ಸುಮಾರು 800 ಟನ್.

ಕೋರಮಂಗಲದ ಲಿಥಿಯಂ ಒಗಟು

ಎಲ್ಲ ಧಾತುಗಳ ಪೈಕಿ ಮೊಂಡು ಲಿಥಿಯಂ. ನಕ್ಷತ್ರದೊಳಗೆ ಅದು ಸುಲಭವಾಗಿ ಸುಟ್ಟುಹೋಗುತ್ತದೆ. ಆದ್ದರಿಂದ ನಕ್ಷತ್ರ ಲಿಥಿಯಂನ ಶತ್ರು ಎಂಬುದೇ ಬಹುಕಾಲದ ತಿಳಿವಳಿಕೆ. ಆದರೂ ಕೆಲವು ಕೆಂಪು ದೈತ್ಯಗಳಲ್ಲಿ ಅದರ ಗೆರೆ ದಟ್ಟವಾಗಿ ಕಾಣುತ್ತಿತ್ತು.

ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ಈಶ್ವರ್ ರೆಡ್ಡಿ ಮತ್ತು ಅವರೊಂದಿಗೆ ಕೆಲಸ ಮಾಡಿದ ಭರತ್ ಕುಮಾರ್ ವರ್ಷಗಟ್ಟಲೆ ಈ ಒಗಟಿನ ಬೆನ್ನು ಬಿದ್ದಿದ್ದರು. ಸಾವಿರಾರು ನಕ್ಷತ್ರಗಳ ಬೆಳಕಿನ ಗೆರೆಗಳನ್ನು ಜಾಲಾಡಿ, ಸಂಗಡಿಗರ ಜೊತೆ 2020ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಎಲ್ಲರ ಹುಬ್ಬೇರಿಸಿತು. ಸೂರ್ಯನಂಥ ಸಾಮಾನ್ಯ ನಕ್ಷತ್ರಗಳೂ ಮುಪ್ಪಿನಲ್ಲಿ, ಒಳಗಿನ ಹೀಲಿಯಂ ಭಗ್ಗೆಂದು ಹೊತ್ತಿಕೊಳ್ಳುವ ಹಂತದಲ್ಲಿ, ಲಿಥಿಯಂ ತಯಾರಿಸುತ್ತವೆ. ಅಪವಾದವೆಂದುಕೊಂಡದ್ದು ಮಾಮೂಲಿಯಾಗಿತ್ತು.

ಎಸ್.ಪಿ. ರಸ್ತೆಯಲ್ಲಿ ಬದಲಾಯಿಸುವ ಮೊಬೈಲ್ ಬ್ಯಾಟರಿಗೆ ಬೇಕಾದದ್ದು, ಮಂಡ್ಯ ಜಿಲ್ಲೆಯ ಮಾರ್ಲಗಲ್ಲ ಸುತ್ತಮುತ್ತ ಪರಮಾಣು ಖನಿಜ ನಿರ್ದೇಶನಾಲಯ ಗುರುತಿಸಿದ 1,600 ಟನ್ ನಿಕ್ಷೇಪದಲ್ಲಿರುವುದು ಇದೇ ಲಿಥಿಯಂ. ಅದರಲ್ಲಿ ಒಂದಿಷ್ಟು ವಿಶ್ವದ ಮೊದಲ ನಿಮಿಷಗಳದ್ದು, ಒಂದಿಷ್ಟು ನಕ್ಷತ್ರಗಳದ್ದು, ಇನ್ನೊಂದಿಷ್ಟು ಬಾಹ್ಯಾಕಾಶದಲ್ಲಿ ವೇಗದ ಕಣಗಳು ದೊಡ್ಡ ಬೀಜಗಳನ್ನು ಒಡೆದಾಗ ಉದುರಿದ್ದು.

ದಕ್ಕಿದ್ದು ಉದುರಿದ್ದೇ

ಸೂರ್ಯನಿಗೆ ಈಗ ಸುಮಾರು 460 ಕೋಟಿ ವರ್ಷ. ಅವನು ಹುಟ್ಟುವ ಮುಂಚೆ ಎಷ್ಟೋ ತಲೆಮಾರಿನ ನಕ್ಷತ್ರಗಳು ಉರಿದು, ಊದಿ, ಸಿಡಿದು, ಡಿಕ್ಕಿ ಹೊಡೆದು ಮುಗಿದಿದ್ದವು. ಅವು ಚೆಲ್ಲಿದ್ದೆಲ್ಲ ಬೆರೆತ ಮೋಡವೊಂದು ಕುಗ್ಗಿ ಸೂರ್ಯನಾಯಿತು, ಅದರ ಅಂಚಿನ ಚೂರು ಭೂಮಿಯಾಯಿತು. ಅಷ್ಟು ತಲೆಮಾರು ದುಡಿದರೂ ಸೂರ್ಯನ ತೂಕದಲ್ಲಿ ಹೈಡ್ರೋಜನ್-ಹೀಲಿಯಂ ಬಿಟ್ಟರೆ ಉಳಿದೆಲ್ಲ ಧಾತುಗಳೂ ಸೇರಿ ನೂರಕ್ಕೆ ಎರಡು ಪಾಲೂ ಇಲ್ಲ.

ಪೇಟೆಯಲ್ಲಿ ಅಕ್ಕಸಾಲಿಗನ ಗುರಿ ಒಡವೆ, ಉದುರಿದ್ದು ನಷ್ಟ. ನಕ್ಷತ್ರದ ಲೆಕ್ಕ ಅದಕ್ಕೆ ತದ್ವಿರುದ್ಧ. ಅದು ಒಳಗೆ ಉಳಿಸಿಕೊಂಡದ್ದು ಬಿಳಿ ಕುಬ್ಜನಲ್ಲೋ ಕಪ್ಪು ಕುಳಿಯಲ್ಲೋ ಬೀಗ ಬಿದ್ದು ಯಾರಿಗೂ ದಕ್ಕದಂತಾಯಿತು. ಕೈಜಾರಿ ಚೆಲ್ಲಿದ್ದರಿಂದಲೇ ಊದುಬತ್ತಿ, ಸುಣ್ಣ, ಶಟರು, ಸರ ಎಲ್ಲ ಆದವು.

ಒಂಬತ್ತು ಗಂಟೆಗೆ ನಗರ್ತಪೇಟೆಯ ಅಂಗಡಿಗಳು ಬಾಗಿಲು ತೆಗೆದು, ತಕ್ಕಡಿಗಳು ಮಿನುಗತೊಡಗುತ್ತವೆ. ಅಷ್ಟರಲ್ಲಿ ಜಲಗಾರನ ಬಾಣಲೆಯಲ್ಲಿ ಕೊನೆಯ ಕೆಸರು ನೀರು ಹರಿದುಹೋಗಿರುತ್ತದೆ. ತಳದಲ್ಲಿ ಉಳಿದ ಒಂದು ಎಳೆ ಹೊಳಪನ್ನು ಅವನು ಬೆರಳ ತುದಿಯಲ್ಲಿ ಒತ್ತಿ, ಬೆಳಕಿಗೆ ಹಿಡಿದು ನೋಡುತ್ತಾನೆ. ವೇಸ್ಟೇಜಿನ ಮೇಲೆ ಚೌಕಾಸಿ ಮಾಡದವನು ಇಡೀ ಬೀದಿಯಲ್ಲಿ ಅವನೊಬ್ಬನೇ.